ಸಂಗಪ್ಪ ಮಾಸ್ತರರೂ ಬಸಣ್ಣನ ತಾಳವೂ

ಸಂಗಪ್ಪ ಮಾಸ್ತರು ಯಾರ ಮಾತನ್ನೂ ಪೂರ್ತಿ ಕೇಳಿದವರಲ್ಲ. ಎದುರಿನವರು ವಾಕ್ಯದ ನಡುವಿಗೆ ಬರುವಷ್ಟರಲ್ಲಿ ಬಲಗೈ ಎತ್ತಿ, “ತಿಳೀತ ಬಿಡ್ರಿ” ಎಂದು ತಮಗೆ ತಿಳಿದದ್ದನ್ನು ಹೇಳತೊಡಗುತ್ತಿದ್ದರು. ಒಮ್ಮೆ ಶಾಲೆಯ ಸಿಪಾಯಿ ಓಡಿಬಂದು, “ಸರ, ನಿಮ್ಮ ಸೈಕಲ್...” ಎಂದ. “ತಿಳೀತ ಬಿಡೋ, ಪಂಕ್ಚರ್ ಆಗೇತಿ” ಎಂದವರೇ ಗಾಳಿಯ ಒತ್ತಡದ ಬಗ್ಗೆ ಐದು ನಿಮಿಷ ವಿವರಿಸಿದರು. ಅಷ್ಟರಲ್ಲಿ ಸೈಕಲ್ಲಿಗೆ ತೂಗುಹಾಕಿದ್ದ ಅವರ ಬುತ್ತಿಯನ್ನು ಆಕಳೊಂದು ಸಾವಕಾಶವಾಗಿ ತಿಂದು ಮುಗಿಸಿತ್ತು.

ನಾನು ಬ್ಯಾಡಗಿಯ ಆ ಹೈಸ್ಕೂಲಿಗೆ ಕನ್ನಡ ಕಲಿಸಲು ಹೋದಾಗ ಅವರು ವಿಜ್ಞಾನದ ಹಿರಿಯ ಮಾಸ್ತರು. ಶಾಲೆಗೆ ಬಂದಿದ್ದ ಒಂದೇ ಒಂದು ಕಂಪ್ಯೂಟರಿನ ಕೋಣೆಯ ಕೀಲಿಕೈ ಅವರ ಉಡಿದಾರದಲ್ಲೇ ಇರುತ್ತಿತ್ತು. ಅದಕ್ಕೆ ಹಾಸಿಗೆಯ ಚಾದರ ಹೊದಿಸಿ, ಪ್ರತಿ ಶುಕ್ರವಾರ ಊದಿನಕಡ್ಡಿ ಬೆಳಗಿಸುತ್ತಿದ್ದರು. ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಕಟ್ಟಿ ನಿಂತು, ದರ್ಶನ ಪಡೆದು ಬರುತ್ತಿದ್ದರು. ಮುಟ್ಟುವ ಅಧಿಕಾರ ಪೂಜಾರಿಗೆ ಮಾತ್ರ.

ಎರಡು ಸಾವಿರದ ಐದೋ ಆರೋ ಇರಬೇಕು. ರಾಣೆಬೆನ್ನೂರಿಗೆ ಮದುವೆಗೆ ಹೋದ ಮಾಸ್ತರು ಬರುವಾಗ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಎಂಪಿತ್ರೀ ಪ್ಲೇಯರ್ ಕೊಂಡು ತಂದರು. ಮರುದಿನ ಶಿಕ್ಷಕರ ಕೋಣೆಯಲ್ಲಿ ಪಾಠ ಶುರುವಾಯಿತು.

“ಇದರಾಗ ರೀಲ್ ಎಲ್ಲಿ ತಿರಗತೈತ್ರಿ?” ಎಂದು ಹೆಡ್‌ಮಾಸ್ತರು ಕೇಳಿದರು. ಸಂಗಪ್ಪ ಮಾಸ್ತರು ಟೆಸ್ಟರಿನಿಂದ ಅದರ ಹೊಟ್ಟೆ ಬಿಚ್ಚಿಯೇ ತೋರಿಸಿದರು. ಒಳಗೆ ಹುಣಸೆಬೀಜದಷ್ಟು ಕರಿಯ ಚಿಪ್ಪು.

“ಇಲ್ಲಿ ತಿರಗೂದು ಏನೂ ಇಲ್ರಿ. ಹಾಡು ಇದರಾಗ ಅಂಕಿ ಆಗಿ ಕುಂತೈತಿ. ಒಂದು ಸೆಕೆಂಡಿಗೆ ನಲವತ್ನಾಕ ಸಾವಿರದ ಒಂದನೂರು ಸಲ ಶಬ್ದಾನ ಅಳದು ಬರಕೊಂತಾರ.”

“ಯಾರು ಬರಕೊಂತಾರ?”

“ಮಷೀನ್ ರೀ.”

“ಅದನ್ನ ಜನಗಣತಿ ಡ್ಯೂಟಿಗೆ ಹಾಕಿದ್ರ ನಾವರ ಪಾಠ ಮಾಡ್ತಿದ್ವಿ” ಎಂದು ಹೆಡ್‌ಮಾಸ್ತರು ನಿಟ್ಟುಸಿರು ಬಿಟ್ಟರು.

ಅಷ್ಟೊಂದು ಅಂಕಿ ಇಷ್ಟು ಸಣ್ಣ ಡಬ್ಬಿಯಲ್ಲಿ ಹೇಗೆ ಹಿಡಿಯುತ್ತದೆ ಎಂದು ನಾನು ಕೇಳಿದೆ. ಅವರು ಕಾಯುತ್ತಿದ್ದುದೇ ಆ ಪ್ರಶ್ನೆಗೆ. “ನಮ್ಮ ಮೆಣಸಿನಕಾಯಿ ಇದ್ದಂಗ ರೀ ಅಕ್ಕೋರ. ಒಣಗಿಸಿದ್ರ ನೀರು ಹೋಗತೈತಿ, ಬಣ್ಣ ಉಳೀತೈತಿ. ದೊಡ್ಡ ಶಬ್ದದ ಬಾಜೂಕ ಸಣ್ಣ ಶಬ್ದ ಇದ್ರ ಮನಶ್ಯಾನ ಕಿವಿಗೆ ಅದು ತಿಳಿಯಂಗಿಲ್ಲ. ತಿಳೀಲಾರದ್ದನ್ನ ಇದು ತಗದ ಒಗೀತೈತಿ. ಹಾಡು ಹಗೂರ ಆಗತೈತಿ.” ಯಾರ ಮಾತನ್ನೂ ಪೂರ್ತಿ ಕೇಳದ ಮನುಷ್ಯನಿಗೆ ಈ ಯಂತ್ರ ಯಾಕೆ ಇಷ್ಟೊಂದು ಹಿಡಿಸಿತೆಂದು ನನಗೆ ಆಗ ಅರ್ಥವಾಯಿತು.

ನನ್ನ ಬಾಡಿಗೆ ಮನೆಯ ಎದುರಿಗೇ ಹನುಮಪ್ಪನ ಗುಡಿ. ಪ್ರತಿ ಶನಿವಾರ ಸಂಜೆ ಅಲ್ಲಿ ಭಜನೆ. ಮಾಸ್ತರು ಆ ಭಜನಾ ಸಂಘದ ಕಾರ್ಯದರ್ಶಿ. ಹಾಡಲು ಬರುತ್ತಿರಲಿಲ್ಲವಾದ್ದರಿಂದ ಸಂಘದವರು ಸೇರಿ ಅವರಿಗೆ ಆ ಹುದ್ದೆ ಕೊಟ್ಟಿದ್ದರು. ಸಂಘದ ಮುಖ್ಯ ಗಾಯಕ ಚನ್ನವೀರಜ್ಜ ಹಿಂದಿನ ವರ್ಷ ತೀರಿಹೋಗಿದ್ದ. ಅವನ ಹಾಡುಗಳಿದ್ದ ಎಂಟು ಕ್ಯಾಸೆಟ್ಟುಗಳು ಮಾತ್ರ ಉಳಿದಿದ್ದವು. ಮಾಸ್ತರು ಅವನ್ನೆಲ್ಲ ಶಾಲೆಯ ಕಂಪ್ಯೂಟರಿಗೆ ಹಾಕಿ, ಸಾಧ್ಯವಾದಷ್ಟು ಹಿಂಡಿ, ಆ ಒಂದೇ ಡಬ್ಬಿಯಲ್ಲಿ ಕೂರಿಸಿದರು. ಇನ್ನು ಕ್ಯಾಸೆಟ್ಟು ಯಾಕೆ ಬೇಕು? ಅವುಗಳ ಮೇಲೆ ‘ಬರಲಿರುವ ಡಿಜಿಟಲ್ ಯುಗ’ ಎಂಬ ತಮ್ಮದೇ ಭಾಷಣವನ್ನು ಎಂಟು ಭಾಗಗಳಲ್ಲಿ ಧ್ವನಿಮುದ್ರಿಸಿದರು.

ಮುಂದಿನ ಶನಿವಾರ ಗುಡಿಯ ಕಟ್ಟೆಯ ಮೇಲೆ ಒಬ್ಬೊಬ್ಬರ ಕಿವಿಗೂ ಇಯರ್‌ಫೋನ್ ಸಿಗಿಸಿ ಕೇಳಿಸಿದರು. ಎಲ್ಲರೂ ಭೇಷ್ ಎಂದರು. ಕೊನೆಗೆ ಬಸಣ್ಣನ ಸರದಿ. ಬಸಣ್ಣ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿಯುವವನು. ಮೂವತ್ತು ವರ್ಷ ಅಜ್ಜನ ಎಡಕ್ಕೆ ಕೂತು ತಾಳ ಹಾಕಿದವನು. ಅವನು ಕಣ್ಣು ಮುಚ್ಚಿ ಕೇಳಿದ. ಬೆರಳು ತೊಡೆಯ ಮೇಲೆ ಆಡುತ್ತಿತ್ತು. ಆಮೇಲೆ ನಿಂತಿತು. ಇಯರ್‌ಫೋನ್ ತೆಗೆದು, ಒರೆಸಿ, ಮಾಸ್ತರರ ಕೈಗಿಟ್ಟ.

“ಅಜ್ಜ ಅದಾನ. ಬಾಜಾಪೇಟಿ ಐತಿ, ತಬಲಾ ಐತಿ. ನಾ ಎಲ್ಲಿ ಅದೇನ್ರಿ ಮಾಸ್ತರ?”

ನಾನೂ ಕೇಳಿದೆ. ತಾಳವಿದ್ದಲ್ಲಿ ಯಾರೋ ಜರಡಿ ಆಡಿಸಿದಂಥ ಸಣ್ಣ ಸರಸರ, ಅಷ್ಟೆ.

“ಹಂಗಲ್ಲೋ ಬಸಣ್ಣ. ಕಿವಿಗೆ ಜರೂರ ಇಲ್ಲದ್ದನ್ನ ಇದು...” ಎಂದು ಮಾಸ್ತರು ಆರಂಭಿಸಿ, ಜೀವನದಲ್ಲಿ ಮೊದಲ ಬಾರಿಗೆ ತಮ್ಮ ಮಾತನ್ನೇ ಅರ್ಧಕ್ಕೆ ಬಿಟ್ಟರು.

“ಮೂವತ್ತು ವರ್ಷ ಬಡದದ್ದು ಜರೂರ ಇದ್ದಿದ್ದಿಲ್ಲಂದ್ರ ಮೊದಲ ಹೇಳಬೇಕಿತ್ರಿ” ಎಂದು ಬಸಣ್ಣ ತಾಳವನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದ. ಸಿಟ್ಟಿನಿಂದ ಹೋಗಿದ್ದರೆ ಕರೆಯಬಹುದಿತ್ತು.

ಮುಂದಿನ ಶನಿವಾರ ಅವನು ಬರಲಿಲ್ಲ. ಭಜನೆ ಶುರುವಾಯಿತು. ಎರಡನೇ ನುಡಿಯಲ್ಲಿ ತಬಲಾದವನು ಮುಂದೆ ಓಡಿದ, ಹಾಡುವವರು ಹಿಂದೆ ಉಳಿದರು, ಹಾರ್ಮೋನಿಯಂನವನು ಯಾರ ಜೊತೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತ. ಮಂಗಳಾರತಿಯನ್ನು ಬೇಗನೆ ಮುಗಿಸಿ ಎಲ್ಲರೂ ಮನೆಗೆ ಹೋದರು. ಮಾಸ್ತರು ಮಾತ್ರ ಕಟ್ಟೆಯ ಮೇಲೆ ಕೂತಿದ್ದರು. “ತಗದ ಒಗದದ್ದು ತಿರುಗಿ ಬರಂಗಿಲ್ರಿ ಅಕ್ಕೋರ” ಎಂದರು. “ತಿರುಗಿ ತರೂದಷ್ಟ ಅದರಾಗ ಇಲ್ಲ.”

ಚನ್ನವೀರಜ್ಜನ ಮಗಳು ಗಂಗವ್ವನನ್ನು ಮೇಡ್ಲೇರಿ ಎಂಬ ಹಳ್ಳಿಗೆ ಕೊಟ್ಟಿದ್ದರು. ಅವಳ ಹತ್ತಿರ ಒಂದು ಕ್ಯಾಸೆಟ್ ಇರಬಹುದೆಂದು ಯಾರೋ ಹೇಳಿದರು. “ಹೆಣ್ಮಗಳ ಮನಿ, ನೀವೂ ಬರ್ರಿ” ಎಂದು ಮಾಸ್ತರು ಕರೆದದ್ದಕ್ಕೆ ಒಂದು ಭಾನುವಾರ ನಾನೂ ಹೋದೆ. ಗಂಗವ್ವ ನೀರು ಕೊಟ್ಟು, ಚಹಾ ಕೊಟ್ಟು, ಗೋಡೆಗೆ ಒರಗಿ ಕೂತು, “ಅದು ನನ್ನ ಮಗನ ತೊಟ್ಟಿಲ ಕಾರ್ಯದಾಗ ಟೇಪಿಗೆ ತುಂಬಿದ್ದರಿ...” ಎಂದು ಶುರುಮಾಡಿದಳು. ಮಾಸ್ತರರ ಬಲಗೈ ಮೇಲೆದ್ದಿತು.

“ಕೈ ಇಳಸ್ರಿ ಮಾಸ್ತರ. ನಾ ಇನ್ನೂ ಹೇಳಾಕತ್ತೇನಿ.”

ಮಾಸ್ತರು ಕೈ ಇಳಿಸಿದರು. ತೊಟ್ಟಿಲಿಗೆ ಯಾರು ಯಾರು ಬಂದಿದ್ದರು, ಹೋಳಿಗೆಗೆ ಬೆಲ್ಲ ಹೇಗೆ ಕಡಿಮೆ ಬಿದ್ದಿತು, ಗಂಡನ ಅಣ್ಣ ಯಾವ ಮಾತಿಗೆ ಮುನಿಸಿಕೊಂಡು ಹೋದ, ಅಪ್ಪ ಹಾಡುವಾಗ ಟೇಪ್ ರೆಕಾರ್ಡರನ್ನು ಗೋಡೆಯ ಯಾವ ಗೂಡಿನಲ್ಲಿ ಇಟ್ಟಿದ್ದರು, ಎಲ್ಲವನ್ನೂ ಒಂದು ತಾಸು ಕೇಳಿದರು. ನನಗೆ ಅವರ ಬಗ್ಗೆ ಸ್ವಲ್ಪ ಮರುಕವೇ ಆಯಿತು. ಎಲ್ಲ ಮುಗಿದ ಮೇಲೆ ಗಂಗವ್ವ ಟ್ರಂಕು ತೆಗೆದು, ಸೀರೆಯ ಮಡಿಕೆಯಿಂದ ಕ್ಯಾಸೆಟ್ ಕೊಟ್ಟಳು. “ಇದರ ಮ್ಯಾಲ ಭಾಷಣ ತುಂಬಬ್ಯಾಡ್ರಿ ಮತ್ತ” ಎಂದಳು. ಸುದ್ದಿ ಮೇಡ್ಲೇರಿಯವರೆಗೂ ಹೋಗಿತ್ತು.

ಅದರಲ್ಲಿ ಸರಿಯಾಗಿ ಉಳಿದಿದ್ದವು ಎರಡೇ ಹಾಡು. ನಡುನಡುವೆ ಕೂಸಿನ ಅಳು, ಪಾತ್ರೆಯ ಸದ್ದು. ಆದರೆ ಗೂಡು ಬಸಣ್ಣನ ಪಕ್ಕಕ್ಕೇ ಇದ್ದುದರಿಂದ ತಾಳ ಅಜ್ಜನ ಧ್ವನಿಗಿಂತಲೂ ಮುಂದಿತ್ತು. ಮಾಸ್ತರು ಡಬ್ಬಿಯಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿ, ಈ ಎರಡು ಹಾಡನ್ನು ಏನೂ ಹಿಂಡದೆ ಇದ್ದದ್ದು ಇದ್ದ ಹಾಗೆ ಹಾಕಿದರು. ಅಷ್ಟಕ್ಕೇ ಡಬ್ಬಿ ತುಂಬಿತು. ಅರವತ್ತು ಹಾಡು ಹಿಡಿದಿದ್ದ ಡಬ್ಬಿ!

ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಪೇಟೆಗೆ ಹೋದೆವು. ಘಾಟಿಗೆ ನಾವು ಸೀನುತ್ತ ನಿಂತಿದ್ದರೆ ಬಸಣ್ಣ ದಬ್ಬಣ ಕೆಳಗಿಟ್ಟು ಎರಡೂ ಹಾಡು ಕೇಳಿದ. ಮಾಸ್ತರು ಅವನ ಮುಖವನ್ನೇ ನೋಡುತ್ತಿದ್ದರು.

“ಮೂರನೇ ನುಡಿಗೆ ಒಂದು ಪೆಟ್ಟು ತಪ್ಪೀನಿ” ಎಂದ ಬಸಣ್ಣ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: “ಅದೊಂದನ್ನ ತಗದ ಒಗಿಯಾಕ ಬರತೈತೇನ್ರಿ?”

“ಇಲ್ಲ” ಎಂದರು ಮಾಸ್ತರು. “ಇದರಾಗ ಏನೂ ತಗಿಯಂಗಿಲ್ಲ.”

ಆ ಶನಿವಾರ ಬಸಣ್ಣ ಬಂದ. ತಪ್ಪಿದ ಪೆಟ್ಟಿಗೆ ಟೇಪ್ ರೆಕಾರ್ಡರೇ ಕಾರಣವೆಂದು ಎಲ್ಲರಿಗೂ ವಿವರಿಸಿದ.

ಕೆಲವು ವರ್ಷಗಳ ಮೇಲೆ ನನಗೆ ಹಾವೇರಿಗೆ ವರ್ಗವಾಯಿತು. ಮಾಸ್ತರು ನಿವೃತ್ತರಾದರು. ಕೊನೆಯ ಸಲ ಅವರನ್ನು ನೋಡಿದ್ದು ಹಾವೇರಿಯ ರೈಲು ನಿಲ್ದಾಣದಲ್ಲಿ. ಕಿವಿಯ ಡಾಕ್ಟರರ ಹತ್ತಿರ ಬಂದಿದ್ದರು.

“ದಪ್ಪ ಶಬ್ದ ಕೇಳತಾವ್ರಿ. ತೆಳ್ಳನ ಶಬ್ದ ಹೋಗ್ಯಾವ. ಬಸಣ್ಣ ಬಡಿಯೂದು ಕಾಣತೈತಿ, ಕೇಳಂಗಿಲ್ಲ.”

“ಬಸಣ್ಣಗ ಹೇಳೀರೇನ್ರಿ ಸರ?”

“ಹೆಂಗ ಹೇಳ್ಲಿ ಅಕ್ಕೋರ? ಎದುರಿಗೆ ಕುಂತು, ಕೈ ನೋಡಕೋಂತ ತಲಿ ಅಲ್ಲಾಡಸ್ತೇನಿ.”

ಬ್ಯಾಡಗಿಯ ಗಾಡಿ ಬಂತು. ಜನರ ನಡುವೆ ಹತ್ತಿ ಹೋದರು.

ಅವರು ತೀರಿಕೊಂಡ ಸುದ್ದಿ ಕೇಳಿ ಬ್ಯಾಡಗಿಗೆ ಹೋದಾಗ ಬಸಣ್ಣ ಅಂಗಳದಲ್ಲಿ ಕೂತಿದ್ದ. ಭಜನೆಯ ಮಾತು ಬಂತು. ಮಾಸ್ತರರ ಕಿವಿಯ ವಿಷಯ ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗ ಅವನೇ ಹೇಳಿದ.

“ಕಡೀ ಕಡೀಕ ಮಾಸ್ತರು ತಲಿ ಅಲ್ಲಾಡಸೂದು ತಪ್ಪತಿತ್ರಿ ಅಕ್ಕೋರ. ಮಂದಿ ನಗ್ತಾರಂತ, ನಾನ ಅವರ ತಲಿ ನೋಡಿ ತಾಳ ಹಾಕ್ತಿದ್ದೆ.”