ಚೆಂಡು ಮುಟ್ಟದವರ ಓಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೆಬ್ರಾಸ್ಕಾದ ಈ ಪುಟ್ಟ ಊರಿನ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಡೆಲ್ಮರ್ ಹ್ರುಸ್ಕಾ, ಬೆಂಕಿ ಆರಿಸುವವರು ಬಿಸಾಡಿದ ಹಳೇ ಪೈಪನ್ನು ಹುಲ್ಲಿನ ಮೇಲೆ ಉದ್ದಕ್ಕೆ ಹಾಸುತ್ತಿದ್ದಾರೆ. ಅದರ ಮೇಲೆ ಐದು ಬಿಳಿ ಗುರುತುಗಳು. ಒಂದೊಂದಕ್ಕೆ ಒಬ್ಬೊಬ್ಬ ಹುಡುಗ ನಿಲ್ಲಬೇಕು. ನಿದ್ದೆಗಣ್ಣಿನಲ್ಲಿ ಬಂದ ಐವರಲ್ಲಿ ಇಬ್ಬರ ಬಾಯಲ್ಲಿ ಇನ್ನೂ ಜಾಮ್ ತುಂಬಿದ ಕೊಲಾಚೆ ಬನ್ನು.

"ನುಂಗ್ರಪ್ಪಾ ಮೊದ್ಲು. ಎದುರಾಳಿಗೆ ಜಾಮ್ ಹಚ್ಚೋಕೆ ಬಂದಿದೀರಾ?" ಎನ್ನುತ್ತಾರೆ ಡೆಲ್ಮರ್.

ಇದಾದ ಮೇಲೆ ಅವರು ಸ್ಕೂಲ್ ಬಸ್ ಓಡಿಸಬೇಕು. ಹೊಟ್ಟೆಪಾಡು ಅದು. ಎದುರಾಳಿಗಳನ್ನು ತಳ್ಳಿ ಚೆಂಡಿನವನಿಗೆ ದಾರಿ ಬಿಡಿಸುವ ಮುಂಚೂಣಿಯ ಐವರನ್ನು ತಯಾರು ಮಾಡುವ ಈ ಕೆಲಸಕ್ಕೆ ಸಂಬಳವಿಲ್ಲ, ಹೆಸರಂತೂ ಮೊದಲೇ ಇಲ್ಲ. ಶನಿವಾರದ ಪತ್ರಿಕೆಯಲ್ಲಿ ಚೆಂಡು ಹಿಡಿದು ಓಡಿದವನ ಫೋಟೊ ಬರುತ್ತದೆ. ದಾರಿ ಬಿಡಿಸಿಕೊಟ್ಟವನದು ಅದೃಷ್ಟವಿದ್ದರೆ ಒಂದು ಮೊಣಕೈ. ಒಂದು ಕಾಲದಲ್ಲಿ ಡೆಲ್ಮರ್ ಕೂಡ ಇದೇ ಮೈದಾನದಲ್ಲಿ ಅಂಥ ಮೊಣಕೈ ಆಗಿದ್ದವರು. ಆಗ ಕೆಟ್ಟ ಮಂಡಿ ಇವತ್ತಿಗೂ ಬಸ್ಸಿನ ಕ್ಲಚ್ ಒತ್ತುವಾಗ ಮಾತಾಡುತ್ತದೆ.

ಚೆಂಡನ್ನು ಮೈದಾನದ ಅಂಚಿನ ಕಡೆಯಿಂದ ಬಳಸಿ ಒಯ್ಯಲು ಅವರು ಕಲಿಸುವ ದಾರಿಗಳು ಎರಡು. 'ಸ್ವೀಪ್'ನಲ್ಲಿ, ಐವರ ಪೈಕಿ ನಡುವಿನವನ ಎಡಬಲಕ್ಕೆ ನಿಲ್ಲುವ ಇಬ್ಬರು ಗಾರ್ಡುಗಳು ತಮ್ಮ ಜಾಗ ಬಿಟ್ಟು ಹೊರಗೋಡಿ, ಚೆಂಡಿನವನ ಮುಂದೆ ಬಯಲಲ್ಲಿ ಎದುರಾಳಿಗಳನ್ನು ಬೀಳಿಸುತ್ತಾ ಹೋಗುತ್ತಾರೆ. 'ಸ್ಟ್ರೆಚ್'ನಲ್ಲಿ ಐವರೂ ಒಟ್ಟಿಗೆ, ಒಂದೇ ಹೆಜ್ಜೆಯಲ್ಲಿ, ಪಕ್ಕಕ್ಕೆ ತಳ್ಳುತ್ತಾ ಸಾಗುತ್ತಾರೆ. ಸಂದು ಎಲ್ಲಿ ಬಿಟ್ಟಿತೋ ಅಲ್ಲಿ ಚೆಂಡಿನವನು ನುಗ್ಗುತ್ತಾನೆ.

"ಸ್ವೀಪ್ ಕೈಹಿಡಿದ್ರೆ ಊರೇ ಎದ್ದು ನಿಲ್ಲುತ್ತೆ, ಕೈಕೊಟ್ರೆ ಮರ್ಯಾದೆ ಹೋಗುತ್ತೆ. ಸ್ಟ್ರೆಚ್ ಹಂಗಲ್ಲ. ದಿನಾ ಮಾಡೋ ಅಡುಗೆ ಥರ. ಯಾರೂ ಹೊಗಳಲ್ಲ, ಆದ್ರೆ ಹೊಟ್ಟೆ ತುಂಬುತ್ತೆ," ಎಂದು ಅವರು ತೂಗಿ ನೋಡುತ್ತಾರೆ.

ಹೋದ ಶುಕ್ರವಾರ ಸ್ವೀಪ್ ಕೈಕೊಟ್ಟಿತು. ಗಾರ್ಡ್ ಟ್ರೆವರ್ ಪೇಚಾ ಬಿಟ್ಟುಹೋದ ಜಾಗದಲ್ಲೇ ಎದುರಾಳಿಯೊಬ್ಬ ನುಸುಳಿ, ಚೆಂಡಿನವನನ್ನು ಹಿಂದಿನಿಂದ ಕೆಡವಿದ. ಚೆಂಡೂ ಹೋಯಿತು, ಪಂದ್ಯವೂ ಹೋಯಿತು. ಟ್ರೆವರ್ ಹೇಳಿಕೊಟ್ಟಂತೆಯೇ ಓಡಿದ್ದ. ಡೆಲ್ಮರ್‌ಗೆ ಸಂಕಟವಾಗಿರುವುದು ಅದಕ್ಕೇ. ಈ ವರ್ಷದ ಹುಡುಗರ ಭುಜ ಗಟ್ಟಿ, ಕಾಲು ನಿಧಾನ. ಗೊತ್ತಿದ್ದೂ ತಮ್ಮ ಪ್ರೀತಿಯ ಸ್ವೀಪನ್ನು ಅವರ ತಲೆಗೆ ಕಟ್ಟಿದ ಕೊರಗು ಅವರಿಗಿದೆ.

ಈ ಶುಕ್ರವಾರ ಸೋತರೆ ಈ ವರ್ಷದ ಆಟ ಮುಗಿದಂತೆ. ಮುಖ್ಯ ಕೋಚ್ ಬ್ರೆಂಟ್, ಹಿಂದೆ ಡೆಲ್ಮರ್ ಕೈಯಲ್ಲೇ ಪಳಗಿದವನು, ಪೈಪಿನ ಪಕ್ಕ ಬಂದು ನಿಲ್ಲುತ್ತಾನೆ.

"ಗುರುಗಳೇ, ನಿಮ್ಮ ಮಾತೇ ಕೊನೆ. ಸ್ವೀಪ್ ಇಟ್ಕೊಳ್ಳೋಣ್ವಾ, ಬಿಡೋಣ್ವಾ?"

ಡೆಲ್ಮರ್ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ.

"ಬಿಟ್ಬಿಡು. ಇವರಿಗೆ ಸ್ಟ್ರೆಚ್ಚೇ ಸರಿ."

ಟ್ರೆವರ್ ಮುಖ ಸಪ್ಪಗಾಗುತ್ತದೆ. "ನಾವು ಗುಂಪು ಬಿಟ್ಟು ಬಯಲಿಗೆ ಬರೋದು ಅದೊಂದರಲ್ಲೇ ಅಲ್ವಾ ಕೋಚ್? ಇನ್ಮೇಲೆ ನಮ್ಮನ್ನ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲೋ. ಹೋಗು, ನಿನ್ನ ಗುರುತಿನ ಮೇಲೆ ನಿಂತ್ಕೋ."

ಐವರೂ ಪೈಪಿನ ಉದ್ದಕ್ಕೂ ಬಾಗುತ್ತಾರೆ. ಶಿಳ್ಳೆಗೆ ಬಲಗಾಲುಗಳು ಒಟ್ಟಿಗೆ ಏಳುತ್ತವೆ. ಒಂದು ಮಾತ್ರ ತಡ. ಮತ್ತೆ ಮಾಡಿಸುತ್ತಾರೆ. ಈ ಸಲ ಐದೂ ಒಂದಾಗಿ ಬೀಳುತ್ತವೆ. ಡೆಲ್ಮರ್ ತಲೆಯಾಡಿಸುತ್ತಾರೆ. ಖುಷಿ ಎಷ್ಟೋ ಬೇಸರವೂ ಅಷ್ಟೇ ಇದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ.

ಬಸ್ಸಿಗೆ ಹೊತ್ತಾಯಿತು. ಪೈಪು ಸುತ್ತಿ ಹೆಗಲಿಗೇರಿಸಿಕೊಂಡವರು ನಾಲ್ಕು ಹೆಜ್ಜೆ ಹೋಗಿ ತಿರುಗುತ್ತಾರೆ.

"ಬ್ರೆಂಟ್, ಗೆಲ್ಲೋದು ಖಾತ್ರಿ ಅಂತ ಆದ್ಮೇಲೆ ಒಂದೇ ಒಂದ್ಸಲ ಸ್ವೀಪ್ ಆಡ್ಸು. ಹುಡುಗರ ಮನೆಯವರು ಕೂರೋ ಕಡೆಗೆ."

"ಆ ಕಡೆಗೇ ಯಾಕೆ?"

"ಟ್ರೆವರ್ ಅಮ್ಮ ಪ್ರತಿ ಪಂದ್ಯಕ್ಕೂ ಬರ್ತಾಳೆ. ಆ ಗುಂಪಲ್ಲಿ ಮಗ ಎಲ್ಲಿದಾನೆ ಅಂತ ಹುಡುಕ್ತಾನೇ ಇರ್ತಾಳೆ. ಒಂದ್ಸಲ ಹುಡುಕದೇನೇ ಕಾಣ್ಲಿ."