ಬಿಸಿಲು ತಿಂದ ಬಣ್ಣಕ್ಕೊಂದು ತೇಪೆ

ಬೆಳಕು ಹರಿಯುವ ಹೊತ್ತಿಗಾಗಲೇ ತೇಪೆ ಅಕ್ಕ ಚಾವಣಿಯ ಮೇಲಿದ್ದಾರೆ. ಸೊಂಟದ ಹಗ್ಗವನ್ನು ಮೇಲಿನ ಕೊಕ್ಕೆಗೆ ಬಿಗಿದು, ಇಳಿಜಾರಿಗೆ ಒರಗಿ ಕೂತು, ತಗಡಿನ ಮೇಲೆ ಅಂಗೈ ಆಡಿಸುತ್ತಾರೆ. ಕೆಳಗೆ ಏಣಿ ಹಿಡಿದು ನಿಂತಿರುವವರು ಅವರ ಗಂಡ. ಅವರಿಗೆ ಎತ್ತರವೆಂದರೆ ತಲೆಸುತ್ತು.

"ಇವರು ಚಾವಣಿ ಹತ್ತಿದ್ದು ಒಂದೇ ಸಲ. ಇಳಿಸೋಕೆ ನಾಲ್ಕು ಜನ ಬೇಕಾಯ್ತು," ಎನ್ನುತ್ತಾರೆ ಅಕ್ಕ.

"ಮೂರೇ ಜನ ಕಣೇ," ಎಂದು ಕೆಳಗಿನಿಂದ ತಿದ್ದುಪಡಿ ಬರುತ್ತದೆ.

ದೂರದಿಂದ ಹೆಂಚಿನಂತೆ ಕಂಡರೂ ಇದು ಉಕ್ಕಿನ ತಗಡು. ಅದರ ಮೇಲೆ ಅಂಟು, ಅಂಟಿನ ಮೇಲೆ ಸಾಸಿವೆ ಗಾತ್ರದ ಬಣ್ಣದ ಕಲ್ಲಿನ ಹರಳು, ಎಲ್ಲಕ್ಕೂ ಮೇಲೆ ಗಾಜಿನಂಥ ತೆಳು ಲೇಪ. ಏನಾದರೂ ಉಜ್ಜಿ ಹರಳು ಕಿತ್ತರೆ ತಗಡು ತುಕ್ಕು ಹಿಡಿಯುತ್ತದೆ. ಅಲ್ಲಿ ಬೇರೆ ಹರಳು ಕೂರಿಸುವುದು ಅಕ್ಕನ ಕಸುಬು. ಮೊದಲು ಇಟ್ಟಿಗೆ ಹೊರುತ್ತಿದ್ದರು. ಕತ್ತು ನೋವು ಶುರುವಾದ ಮೇಲೆ ಚಾವಣಿ ಮೇಸ್ತ್ರಿಯೊಬ್ಬರ ಹಿಂದೆ ಬಿದ್ದು ಇದನ್ನು ಕಲಿತರು.

"ಅಂಟಿಸೋದು ಯಾರಿಗಾದ್ರೂ ಬರುತ್ತೆ. ಬಣ್ಣ ಹೊಂದಿಸೋದೇ ತಲೆನೋವು. ಬಣ್ಣ ಹಚ್ಚಿ ಕುಲುಮೆಲಿ ಸುಟ್ಟ ಹರಳು ಬೇಗ ಮಾಸಲ್ಲ. ಸುಮ್ನೆ ಬಣ್ಣ ಬಳಿದಿದ್ರೆ ಮೂರು ಬೇಸಿಗೆ, ಅಷ್ಟೇ. ಎಂಥ ಒಳ್ಳೇದಾದ್ರೂ ಬಿಸಿಲು ಸ್ವಲ್ಪ ತಿಂದೇ ತಿನ್ನುತ್ತೆ."

ಹಳೆಯ ಚಾವಣಿಗೆ ಹೊಸ ಹರಳು ಹಾಕಿದರೆ ತೇಪೆ ಎದ್ದು ಕಾಣುತ್ತದೆ. ಹಾಗಾಗಿ ಪ್ರತಿ ಮನೆಯಲ್ಲಿ ಉಳಿದ ಹರಳನ್ನು ಅಕ್ಕ ತಟ್ಟೆಗೆ ಸುರಿದು, ಆ ಚಾವಣಿ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ತಮ್ಮ ಮನೆಯ ತಾರಸಿಯಲ್ಲಿ ಇಡುತ್ತಾರೆ. ಚಾವಣಿಯೂ ತಟ್ಟೆಯೂ ಜೊತೆಜೊತೆಗೇ ಮಾಸುತ್ತವೆ.

ಈ ಸಲ ಹಾಗಾಗಿಲ್ಲ. ಅವರು ತಂಗಿಯ ಬಾಣಂತನಕ್ಕೆ ಹೋಗಿದ್ದಾಗ ಗಂಡ ತಟ್ಟೆಗಳಿಗೆಲ್ಲ ಟಾರ್ಪಾಲು ಹೊದಿಸಿಬಿಟ್ಟಿದ್ದಾರೆ. ಬಂದ ಮೇಲೂ ಒಂದಿಡೀ ಬೇಸಿಗೆ ಅಕ್ಕ ಅತ್ತ ಹೋಗಿ ನೋಡಿಲ್ಲ.

"ಬಣ್ಣ ಹೋಗಿಬಿಡುತ್ತಲ್ಲಾ ಅಂತ..." ಎನ್ನುತ್ತಾರೆ ಗಂಡ, ಏಣಿಯನ್ನೇ ನೋಡುತ್ತಾ.

"ಹೋಗ್ಲಿ ಅಂತಾನೇ ಅಲ್ವೇನ್ರೀ ಇಟ್ಟಿದ್ದು!"

ಇಂದಿನ ಮನೆ ಕನ್ನಡಕದ ಅಂಗಡಿಯವರದು. ಬೋರ್ಡು ಕಟ್ಟಲು ಬಂದವರು ಏಣಿ ಎಳೆದಾಡಿ ಬೀದಿಯ ಕಡೆಯ ಇಳಿಜಾರನ್ನು ಕೆರೆದುಹಾಕಿದ್ದಾರೆ. ಬೀದಿಯಿಂದ ತೇಪೆ ಕಂಡರೆ ಇಡೀ ಇಳಿಜಾರನ್ನು ಕೀಳಿಸಿ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಮನೆಯ ಯಜಮಾನರು ಖಡಾಖಂಡಿತ ಹೇಳಿದ್ದಾರೆ. ಈ ಸಾಲಿನ ಉಳಿದ ಮನೆಗಳ ರಿಪೇರಿಯೂ ಅವರ ಮಾತಿನ ಮೇಲೆಯೇ ನಿಂತಿದೆ.

ಅಕ್ಕ ಟಾರ್ಪಾಲಿನಡಿಯ ಹರಳನ್ನು ಚಾವಣಿಯ ಮೇಲಿಟ್ಟು ನೋಡುತ್ತಾರೆ. ಬಿಸಿಲು ಕಾಣದ ಅದು ಹೊಸದರಂತೆ ಎದ್ದು ಕಾಣುತ್ತದೆ; ಬೇಡವೆಂದು ತಲೆಯಾಡಿಸುತ್ತಾರೆ. ಆಮೇಲೆ ತೆವಳಿ ಸೂರಿನಂಚಿಗೆ ಬಂದು, ಮಳೆನೀರಿನ ದೋಣಿಗೆ ಕೈ ಹಾಕುತ್ತಾರೆ. ಒಣಗಿದ ಎಲೆಯ ಕೆಳಗೆ ಹರಳು: ಇದೇ ಚಾವಣಿಯಿಂದ ಮಳೆಗೆ ಉದುರಿ, ಇದೇ ಬಿಸಿಲಲ್ಲಿ ಬಿದ್ದದ್ದು.

"ಸಾರ್, ದೋಣಿ ಯಾವಾಗ ಕ್ಲೀನ್ ಮಾಡ್ಸಿದ್ರಿ?" ಎಂದು ಕೆಳಗೆ ನಿಂತ ಯಜಮಾನರನ್ನು ಕೇಳುತ್ತಾರೆ.

"ಮಾಡಿಸ್ಬೇಕು ಅಂತಿದ್ದೆ ಕಣಮ್ಮ..."

"ಮಾಡಿಸ್ದೇ ಇದ್ದದ್ದು ಪುಣ್ಯ ಬಿಡಿ!"

ಗಂಡ ಕೆಳಗೆ ಕೂತು ಹರಳನ್ನು ತೊಳೆಯುತ್ತಾರೆ, ಬಟ್ಟೆಯ ಮೇಲೆ ಹರವಿ ಒಣಗಿಸುತ್ತಾರೆ, ಒಂದು ಕಾಳೂ ಚೆಲ್ಲದಂತೆ ಡಬ್ಬಿಗೆ ತುಂಬಿ ಹಗ್ಗಕ್ಕೆ ಕಟ್ಟುತ್ತಾರೆ. ಅಕ್ಕ ಅಂಟು ಬಳಿದು, ಚಿಟಿಕೆ ಚಿಟಿಕೆಯಾಗಿ ಉದುರಿಸಿ ಅಂಗೈಯಿಂದ ಒತ್ತುತ್ತಾರೆ. ತಗಡು ಕಾಯುವ ಮುನ್ನ ಮುಗಿಯುತ್ತದೆ.

ಯಜಮಾನರು ರಸ್ತೆ ದಾಟಿ, ಎದುರಿನ ಫುಟ್‌ಪಾತಿನಲ್ಲಿ ನಿಂತು ಬಹಳ ಹೊತ್ತು ದಿಟ್ಟಿಸುತ್ತಾರೆ. ಗಂಡ ಏಣಿ ಬಿಟ್ಟು ಅವರ ಪಕ್ಕಕ್ಕೆ ಓಡುತ್ತಾರೆ.

"ಕಾಣ್ತಿದೆಯಲ್ಲಮ್ಮ! ಅಗೋ, ಅಲ್ಲಿ, ಬೆಳ್ಳಗೆ."

ಯಜಮಾನರು ಬೆರಳು ತೋರಿಸಿದ ಕಡೆಗೆ ಅಕ್ಕ ಕತ್ತು ತಿರುಗಿಸಿ ನೋಡಿ, ಹಗ್ಗ ಬಿಚ್ಚತೊಡಗುತ್ತಾರೆ.

"ಅದು ಪಾರಿವಾಳದ್ದು ಸಾರ್. ನಂದು ಹುಡುಕಿ."