ಬಟ್ಟಲಲ್ಲಿ ಉಳಿದ ನುಚ್ಚು

ನಮ್ಮ ಐದು ಹೇಂಟೆಗಳು ನಾನು ಹಾಕಿದ್ದನ್ನು ತಿನ್ನುತ್ತಿಲ್ಲ ಎಂದು ಡೈರಿಯಲ್ಲಿ ಬರೆದದ್ದು ದೀಪಾವಳಿ ಮುಗಿದ ಎರಡನೆಯ ಸೋಮವಾರ. ಬರೆದು ಸುಮ್ಮನಿದ್ದರೆ ಆಗುತ್ತಿತ್ತು. ಅವ್ವನಿಗೆ ಓದಿ ಹೇಳಿದೆ.

"ತಿನ್ನದ ಕೋಳಿ ಅಂದ್ರ ರೋಗದ ಕೋಳಿ" ಎಂದಳು ಅವ್ವ, ಮೊರದಿಂದ ತಲೆಯೆತ್ತದೆ. "ಅವು ತಾವ ಸಾಯೋಕಿಂತ ಮೊದ್ಲ ನಾವ ಮುಗಿಸಿದ್ರ ಸಾರಾದ್ರೂ ಆಕ್ಕತಿ. ಬರೋ ಐತಾರ ನಿಮ್ಮ ಮಾವ ಬರಾಕತ್ತಾನ. ಅಲ್ಲೀತನಕ ನೋಡ್ತೀನಿ."

ಮಾವ ಎಂದರೆ ಅಕ್ಕನ ಗಂಡ. ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ, ಶಿಫ್ಟು ಬದಲಾದಾಗ ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಮಸ್ಕಿಯ ನಮ್ಮ ಮನೆಗೆ ಬರುತ್ತಾನೆ. ಅಂದರೆ ನನ್ನ ಐದು ಹೇಂಟೆಗಳಿಗೆ ಆರು ದಿನದ ಗಡುವು.

ಅವುಗಳನ್ನು ತಂದದ್ದು ಲಿಂಗಸುಗೂರು ಸಂತೆಯಿಂದ. ಅವಕ್ಕೆ ನಾಲ್ಕು ತಿಂಗಳ ವಯಸ್ಸು ದಾಟಿತ್ತು, ಮೊಟ್ಟೆ ಇನ್ನೂ ಶುರುವಾಗಿರಲಿಲ್ಲ. ಗುರುತಿಗೆಂದು ಒಂದೊಂದರ ಕಾಲಿಗೆ ಒಂದೊಂದು ಬಣ್ಣದ ದಾರ ಕಟ್ಟಿದ್ದೆ: ಕೆಂಪು, ಹಳದಿ, ಹಸಿರು, ಬಿಳಿ, ಕಪ್ಪು. ಯಾವುದು ಎಷ್ಟು ಸಲ ಬಟ್ಟಲಿಗೆ ಬಂತು ಎಂದು ಬರೆಯಲು ಡೈರಿಯಲ್ಲಿ ಐದು ಕಾಲಮ್ಮು. ಬೆಳಿಗ್ಗೆ ಎಂಟಕ್ಕೆ ಚಹಾ ಲೋಟದಲ್ಲಿ ಅಳೆದು ಮೂರು ಲೋಟ ನುಚ್ಚಕ್ಕಿ, ಸಂಜೆ ಆರಕ್ಕೆ ಉಳಿದದ್ದನ್ನು ಅದೇ ಲೋಟದಲ್ಲಿ ಅಳೆಯುವುದು. ನುಚ್ಚು ಅಪ್ಪ ತರುತ್ತಾನೆ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಅವನಿಗೆ ಚೀಲ ಹೊರುವ ಕೆಲಸ.

ಮೊದಲ ಎರಡು ವಾರ, ಮನೆಯ ಗುರುತು ಹತ್ತಲಿ ಎಂದು ಅವು ಮಲಗುವ ಬುಟ್ಟಿಯನ್ನು ಹಗಲೂ ಮುಚ್ಚಿಯೇ ಇಟ್ಟಿದ್ದೆ. ಉಳಿದದ್ದು ಸೊನ್ನೆ. ಮೂರನೆಯ ವಾರ ಹೊರಗೆ ಬಿಟ್ಟೆವು. ಆಗಿನಿಂದ ಉಳಿಯತೊಡಗಿತು. ಈ ವಾರದ ಲೆಕ್ಕ ಹೀಗಿದೆ: ಸೋಮವಾರ ಎರಡು ಲೋಟ ಉಳಿಯಿತು. ಮಂಗಳವಾರ ನುಚ್ಚಿನ ಬದಲು ಜೋಳ ಹಾಕಿದೆ, ಉಳಿದದ್ದು ಎರಡೂಕಾಲು ಲೋಟ. ಬುಧವಾರ ತೌಡಿಗೆ ಮಜ್ಜಿಗೆ ಕಲಸಿ ಉಂಡೆ ಮಾಡಿಟ್ಟೆ. ಕಪ್ಪು ದಾರದ್ದು ಬಂದು, ಒಂದು ಕಣ್ಣಿನಿಂದ ಉಂಡೆಯನ್ನೂ ಇನ್ನೊಂದು ಕಣ್ಣಿನಿಂದ ನನ್ನನ್ನೂ ನೋಡಿ, ಉಂಡೆಯ ಮೇಲೆ ಕಾಲಿಟ್ಟು ದಾಟಿ ಹೋಯಿತು.

"ಏನವಾ, ನಿನ್ನ ಕೋಳಿ ಡಯಟಿಂಗ್ ಮಾಡಾಕತ್ತಾವನು?" ಅವ್ವ ಕೇಳಿದಳು. "ಉಪಾಸ ಮಾಡಾಕ ಅವೇನು ಮದಿವಿಗೆ ನಿಂತಾವ?"

"ನಗಬ್ಯಾಡ ಬೇ. ಜೀವದ ಪ್ರಶ್ನಿ ಐತಿ."

"ಹೌದವಾ, ಮಸಾಲಿ ಯಾವಾಗ ಅರೀಬೇಕು ಅನ್ನೋದೂ ಪ್ರಶ್ನಿನ."

ಗುರುವಾರ ಡೈರಿ ಹಿಡಿದು ದನದ ದವಾಖಾನೆಗೆ ಹೋದೆ. ಡಾಕ್ಟರು ಇರಲಿಲ್ಲ, ವಯಸ್ಸಾದ ಕಂಪೌಂಡರ್ ಇದ್ದರು. ಮೂರು ಪುಟದ ಲೆಕ್ಕವನ್ನು ಗಂಭೀರವಾಗಿ ತಿರುವಿ ಹಾಕಿ ಕೇಳಿದರು, "ಹಿಕ್ಕಿ ಹೆಂಗ ಹಾಕ್ತಾವವಾ?"

"ಅದನ್ನ ಬರದಿಲ್ರೀ."

"ಓಡಾಡ್ತಾವ?"

"ಹಿಡ್ಯಾಕ ಸಿಗಂಗಿಲ್ರೀ."

ಅವರು ಡೈರಿ ಮುಚ್ಚಿ ವಾಪಸು ಕೊಟ್ಟರು. "ನೀ ಬಟ್ಟಲದ ಲೆಕ್ಕ ಬರದೀ ತಂಗಿ, ಕೋಳಿ ಲೆಕ್ಕ ಬರದಿಲ್ಲ. ಸಂಜಿಗೆ ಗೂಡಿಗೆ ಬಂದ ಮ್ಯಾಲೆ ಕೊರಳ ಬುಡಕ ಕೈ ಇಟ್ಟು ನೋಡು. ತಿಂದಿದ್ದೆಲ್ಲ ಮೊದ್ಲ ಅಲ್ಲೇ ಚೀಲದಾಗ ಕುಂತಿರತೈತಿ."

ಆ ಸಂಜೆ ಬುಟ್ಟಿಯೊಳಗೆ ಕೈ ಹಾಕಿ ಒಂದೊಂದನ್ನೇ ಹಿಡಿದು ಮುಟ್ಟಿದೆ. ಕೆಂಪು: ದೊಡ್ಡ ನಿಂಬೆಹಣ್ಣು. ಹಳದಿ, ಹಸಿರು, ಬಿಳಿ: ನಿಂಬೆಹಣ್ಣು. ಕಪ್ಪು: ನಿಂಬೆಹಣ್ಣಿಗಿಂತ ತುಸು ದೊಡ್ಡದು, ಒಳಗೆ ಕಾಳು ಕಾಳಾಗಿ ಬೆರಳಿಗೆ ಹತ್ತುತ್ತಿತ್ತು. ನನ್ನ ಬಟ್ಟಲಲ್ಲಿ ಅಂದೂ ಎರಡು ಲೋಟ ಉಳಿದಿತ್ತು. ರೋಗವಿಲ್ಲ ಎಂದು ಸಂತೋಷವಾಯಿತು. ಹಾಗಾದರೆ ಇವು ಎಲ್ಲಿ ಉಣ್ಣುತ್ತಿವೆ ಎಂದು ಸಿಟ್ಟೂ ಬಂತು.

ಶುಕ್ರವಾರ ಅಪ್ಪನ ಜೊತೆಗೇ ಎದ್ದೆ. ಆರಕ್ಕೆ ಕೆಲಸಕ್ಕೆ ಹೊರಡುವ ಮುಂಚೆ ಬುಟ್ಟಿ ತೆಗೆಯುವವನು ಅವನೇ. ನನ್ನ ಎಂಟು ಗಂಟೆಯ ಬಟ್ಟಲಿಗೂ ಅವನ ಆರು ಗಂಟೆಗೂ ನಡುವೆ ಎರಡು ತಾಸು ಇದೆ ಎನ್ನುವುದು ಇಷ್ಟು ಲೆಕ್ಕ ಬರೆದವಳಿಗೆ ಹೊಳೆದೇ ಇರಲಿಲ್ಲ. ಐದೂ ಬುಟ್ಟಿಯಿಂದ ಇಳಿದವು; ಅಂಗಳ ಕೆದರಲಿಲ್ಲ, ಸಾಲಾಗಿ ನೇರ ರಸ್ತೆಯ ಅಂಚಿಗೆ ಹೋಗಿ ನಿಂತವು.

ನಮ್ಮ ಮನೆ ಸಿಂಧನೂರು ರಸ್ತೆಗೆ ಹತ್ತಿಕೊಂಡಿದೆ, ಎದುರಿಗೆ ಗಾಡಿಗಳ ವೇಗ ತಗ್ಗಿಸುವ ಒಂದು ಹಂಪು ಇದೆ. ಬಸ್ಸು ಬಂತು, ಹೇಂಟೆಗಳು ತಲೆ ಎತ್ತಲಿಲ್ಲ. ಎರಡು ಬೈಕು ಹೋದವು, ಎತ್ತಲಿಲ್ಲ. ದೂರದಲ್ಲಿ ಟ್ರ್ಯಾಕ್ಟರ್ ಸದ್ದು ಕೇಳಿದ್ದೇ ಐದೂ ಕೊರಳು ಒಟ್ಟಿಗೆ ಮೇಲೆದ್ದವು. ಅದು ಭತ್ತದ ಕೊಯ್ಲಿನ ಕಾಲ. ಗಿರಣಿಗೆ ಹೊರಟ ಟ್ರಾಲಿ ಹಂಪು ಹತ್ತಿ ದಡಕ್ಕನೆ ಇಳಿಯಿತು. ಹಿಂಬಾಗಿಲ ಸಂದಿಯಿಂದ ಒಂದು ಹಿಡಿ ಭತ್ತ ಸುರಿಯಿತು. ಡ್ರೈವರ್ ಹಿಂದೆ ತಿರುಗಿ ನೋಡುವಷ್ಟರಲ್ಲಿ ಅರ್ಧ ಮುಗಿದಿತ್ತು. ಎಂಟರೊಳಗೆ ಒಂಬತ್ತು ಟ್ರಾಲಿ. ಎಂಟಕ್ಕೆ ನಾನು ಬಟ್ಟಲು ಇಟ್ಟಾಗ ಅವು ಬಂದು, ಮದುವೆಯಲ್ಲಿ ಉಂಡು ಬಂದವರು ಮನೆಯ ಅನ್ನವನ್ನು ಕೆದಕುವಂತೆ ಎರಡು ಕುಕ್ಕು ಕುಕ್ಕಿ, ಗೋಡೆಯ ನೆರಳಿಗೆ ಹೋಗಿ ಕೂತವು.

ಶನಿವಾರ ಸಂಜೆ ಅವ್ವನ ಕೈಯನ್ನೇ ಎಳೆದು ಕಪ್ಪು ದಾರದ್ದರ ಕೊರಳ ಬುಡದ ಮೇಲಿಟ್ಟೆ. ಟ್ರಾಲಿಯ ಲೆಕ್ಕವನ್ನೂ ಓದಿದೆ.

"ಅಯ್ಯ ಇದರ! ಗಟ್ಟಿ ಐತಲ್ಲ!" ಅವ್ವ ಇನ್ನೊಮ್ಮೆ ಒತ್ತಿ ನೋಡಿದಳು. ಅವಳ ಮುಖ ಅರಳಿತು. "ಪಾಡಾತು ಬಿಡು. ರೋಗದ ಕೋಳಿ ಅಳಿಯಗ ಹೆಂಗ ನೀಡೋದಂತ ನನಗೂ ಮನಸ್ಸು ಹಿಂಜರಿದಿತ್ತು. ಮೈ ತುಂಬಿದ್ದಾವಂದ್ರ ಚಿಂತಿ ಇಲ್ಲ."

ಐದು ದಿನ ಓಡಾಡಿ ನಾನು ಸಾಬೀತು ಮಾಡಿದ್ದು ಇದನ್ನು.

"ಅವು ತತ್ತಿ ಇಡೋವು ಬೇ! ಇಡೋ ಕೋಳಿನ ಯಾರಾರ ಕೊಯ್ತಾರನು?"

ಈ ಮಾತು ಅವ್ವನಿಗೆ ತಾಕಿತು. ಮೊಟ್ಟೆಗೆ ಬಂದ ಹೇಂಟೆಯನ್ನು ನಮ್ಮ ಕಡೆ ಕೊಯ್ಯುವುದಿಲ್ಲ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ತಲೆ ಕೆಳಗೆ ಮಾಡಿ ಹಿಡಿದು, ಬಾಲದ ಕೆಳಗಿನ ಎರಡು ಎಲುಬಿನ ನಡುವೆ ಬೆರಳಿಟ್ಟು ನೋಡಿದಳು. ಎರಡು ಬೆರಳು ಹಿಡಿದರೆ ಮೊಟ್ಟೆಗೆ ಬಂದಿದೆ ಎಂದು ಲೆಕ್ಕ. ಕೆಂಪು, ಎರಡು. ಹಳದಿ, ಎರಡು. ಹಸಿರು, ಎರಡು. ಬಿಳಿಗೆ ಒಂದೂವರೆ ಎಂದಳು; ನಾನು ಎರಡು ಎಂದು ಜಗಳಕ್ಕೆ ನಿಂತೆ, ಗೆದ್ದೆ. ಕಪ್ಪಿಗೆ ಒಂದೇ ಬೆರಳು. ಅದು ಕೂಡ ಬಿಗಿಯಾಗಿ.

"ಇದಕ್ಕ ಇನ್ನೂ ತಿಂಗಳು ಬೇಕು" ಎಂದಳು ಅವ್ವ. "ತಿನ್ನೋದರಾಗ ಮಾತ್ರ ಮುಂದ ಐತಿ."

ನನ್ನ ಹತ್ತಿರ ಅದನ್ನು ಉಳಿಸುವ ಅಂಕಿ ಒಂದೂ ಇರಲಿಲ್ಲ. ಬಿಳಿಯದಕ್ಕಾಗಿ ಅರ್ಧ ಬೆರಳು ಸುಳ್ಳು ಹೇಳಿ ಆಗಿತ್ತು. ಒಂದನ್ನು ಎರಡು ಎನ್ನಲು ಬಾಯಿ ಬರಲಿಲ್ಲ.

ಭಾನುವಾರ ಒಂಬತ್ತಕ್ಕೆ ಹಿತ್ತಲಿಂದ ಅವ್ವ ಕರೆದಳು. "ಬಾ ಇಲ್ಲೆ, ನಿನ್ನ ಲೆಕ್ಕ ಸಿಕ್ಕೈತಿ." ಕಪ್ಪು ದಾರದ್ದರ ಕೊರಳ ಚೀಲವನ್ನು ಬಿಡಿಸಿ ತಾಟಿನಲ್ಲಿ ಹರವಿದ್ದಳು. ಕಡ್ಡಿಯಿಂದ ಸರಿಸುತ್ತ ಎಣಿಸಿದೆ. ಮುರಿದವನ್ನು ಬಿಟ್ಟು ಭತ್ತ ತೊಂಬತ್ತೊಂದು, ಗೆದ್ದಲು ನಾಲ್ಕು, ಬಳೆ ಚೂರು ಒಂದು, ಹುಲ್ಲು ಸ್ವಲ್ಪ. ನುಚ್ಚು ಮೂರು ಕಾಳು.

"ಮೂರರ ತಿಂದೈತಲ್ಲ, ನಿನ್ನ ಮರ್ಯಾದಿಗೆ" ಎಂದಳು ಅವ್ವ.

ಮಧ್ಯಾಹ್ನ ಮಾವ ಕಾಲಿನ ತುಂಡು ತೆಗೆದು ನನ್ನ ತಾಟಿಗೆ ಹಾಕಿದ. "ಸಾಕಿದಾಕಿ ನೀನು, ನೀನ ತಿನ್ನು." ಊಟ ಬಿಡುತ್ತೇನೆ ಎಂದು ರಾತ್ರಿ ಡೈರಿಯಲ್ಲಿ ಬರೆದಿದ್ದೆ. ಮೂರು ತುಂಡು ತಿಂದೆ, ರೊಟ್ಟಿ ಎರಡೂವರೆ. ಅದನ್ನೂ ಬರೆದಿದ್ದೇನೆ.

ಸೋಮವಾರದಿಂದ ಬೆಳಿಗ್ಗೆ ಬಟ್ಟಲು ಇಡುವುದನ್ನು ನಿಲ್ಲಿಸಿದೆ. ಟ್ರಾಲಿಗಳು ಕಡಿಮೆಯಾಗುವ ಹೊತ್ತು, ಸಂಜೆ ಐದಕ್ಕೆ, ಒಂದೇ ಲೋಟ ಇಡುತ್ತೇನೆ. ಆರಕ್ಕೆ ಬಟ್ಟಲು ನೆಕ್ಕಿದಂತಿರುತ್ತದೆ. ಕಪ್ಪು ದಾರದ ಕಾಲಮ್ಮನ್ನು ಖಾಲಿ ಬಿಡಲು ಮನಸ್ಸಾಗಲಿಲ್ಲ. ಈಗ ಅದರಲ್ಲಿ ದಿನದ ಟ್ರಾಲಿಗಳನ್ನು ಬರೆಯುತ್ತಿದ್ದೇನೆ.